ಬಾಳೆತೋಟದ ಬೆಳಕು

ನಮ್ಮ ಮನೆಯಲ್ಲಿ ಅಬ್ಬಾ ಅವರದು ಒಂದೇ ಒಂದು ಫೋಟೋ ಇದೆ. ಹಜ್ ಯಾತ್ರೆಯ ಪಾಸ್‌ಪೋರ್ಟಿಗೆಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಫ್ಲ್ಯಾಶಿನ ಬೆಳಕು ನೇರವಾಗಿ ಮುಖಕ್ಕೆ ಬಡಿದು ಹಣೆ ಬೆಳ್ಳಗಾಗಿದೆ, ಕಣ್ಣು ಬೆದರಿದೆ. ಅಬ್ಬಾ ಹಾಗಿರಲಿಲ್ಲ. ಅಸರ್ ನಮಾಜ್ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತರೆ, ಎದುರುಮನೆಯ ಸುಣ್ಣದ ಗೋಡೆಯಿಂದ ಪುಟಿದು ಬಂದ ಬೆಳಕು ಅವರ ಗಡ್ಡದ ಮೇಲೆ, ಕೆನ್ನೆಯ ಮೇಲೆ ಮೆಲ್ಲಗೆ ಹರಡಿಕೊಳ್ಳುತ್ತಿತ್ತು. ಆ ಮುಖ ಯಾವ ಕಾಗದದ ಮೇಲೂ ಇಲ್ಲ. ಅವರು ತೀರಿಕೊಂಡ ಮೇಲೆ ಅಮ್ಮಿ ಆ ಪಾಸ್‌ಪೋರ್ಟ್ ಫೋಟೋವನ್ನು ಗೋಡೆಗೆ ಹಾಕಲಿಲ್ಲ. ಕಪಾಟಿನಲ್ಲಿ, ತಮ್ಮ ಸೀರೆಗಳ ನಡುವೆ ಇಟ್ಟುಕೊಂಡಿದ್ದಾರೆ.

ಆ ಇಲ್ಲದ ಫೋಟೋವೇ ನನ್ನನ್ನು ಈ ಹವ್ಯಾಸಕ್ಕೆ ಎಳೆಯಿತು. ಕತೆಗಳಿಗೆ ಬಂದ ಗೌರವಧನಕ್ಕೆ ಇನ್ನಷ್ಟು ಸೇರಿಸಿ, ಬೇರೆಯವರು ಬಳಸಿ ಬಿಟ್ಟ ಒಂದು ಡಿಜಿಟಲ್ ಕ್ಯಾಮೆರಾವನ್ನೂ 50 ಮಿಲಿಮೀಟರಿನ ಲೆನ್ಸನ್ನೂ ಕೊಂಡೆ. ಫ್ಲ್ಯಾಶ್ ಕೊಳ್ಳಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ ಎನ್ನುವುದು ಅರ್ಧ ಸತ್ಯ. ಅಬ್ಬಾ ಅವರ ಹಣೆಯ ಮೇಲಿನ ಆ ಬಿಳಿ ಬಡಿತ ಮರೆತಿರಲಿಲ್ಲ ಎನ್ನುವುದು ಇನ್ನರ್ಧ.

ಮನೆಯಲ್ಲಿ ಇದಕ್ಕೆ ಸುಲಭವಾಗಿ ಒಪ್ಪಿಗೆ ಸಿಗಲಿಲ್ಲ. ಜೀವವಿರುವವರ ಚಿತ್ರ ಸಲ್ಲದು ಎಂದು ಕೇಳುತ್ತಲೇ ಬೆಳೆದವರು ನಾವು. ಉರ್ದು ಶಾಲೆಯಲ್ಲಿ ನಾನು ಬರೆದದ್ದು ಮಾವಿನಕಾಯಿ, ಹೂಜಿ, ಮಸೀದಿಯ ಮಿನಾರ್. ಮುಂದೆ ಕನ್ನಡ ಶಾಲೆಗೆ ಸೇರಿದಾಗ ನೋಡಿದರೆ ಗೋಡೆಯ ತುಂಬ ಮುಖಗಳು: ಗಾಂಧಿ, ಕುವೆಂಪು, ಬೇಂದ್ರೆ. ಎರಡು ಶಾಲೆಗಳ ನಡುವೆ ನನ್ನ ಕಣ್ಣು ಸ್ವಲ್ಪ ಗಲಿಬಿಲಿಗೊಂಡಿದ್ದು ನಿಜ. ಫೋಟೋ ವಿಷಯದಲ್ಲಿ ಉಲೇಮಾಗಳಲ್ಲೇ ಒಮ್ಮತವಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು, ಕ್ಯಾಮೆರಾ ಹೊಸ ರೂಪವನ್ನೇನೂ ಸೃಷ್ಟಿಸುವುದಿಲ್ಲ, ಇರುವ ನೆರಳನ್ನು ಹಿಡಿದಿಡುತ್ತದೆ ಅಷ್ಟೆ ಎಂದು ವಾದಿಸಿದರು. ನಮ್ಮ ಉಪಖಂಡದ ಅನೇಕ ಉಲೇಮಾಗಳು ಅದನ್ನು ಒಪ್ಪದೆ, ಪಾಸ್‌ಪೋರ್ಟಿನಂಥ ಅಗತ್ಯಕ್ಕೆ ಮಾತ್ರ ಆಗಬಹುದು ಎಂದರು. ಅಮ್ಮಿ ಈ ಚರ್ಚೆಯನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದರು. "ತೂ ಖೀಂಚ್ ಬೇಟಾ, ಮೇರಾ ನಕ್ಕೋ." ನೀನು ತೆಗೆದುಕೋ ಮಗನೇ, ನನ್ನದು ಮಾತ್ರ ಬೇಡ.

ಸೂರ್ಯನ ಬೆಳಕನ್ನೇ ನೆಚ್ಚಿಕೊಂಡವನಿಗೆ ಮೊದಲು ಬೇಕಾದದ್ದು ಬೇಗ ಏಳುವ ಅಭ್ಯಾಸ. ಫಜರ್ ನಮಾಜಿನ ಪುಣ್ಯದಿಂದ ಅದು ನನಗೆ ಕಷ್ಟವಾಗಲಿಲ್ಲ. ನಮ್ಮ ಹೊಸಪೇಟೆಯ ಕಡೆ ಬೇಸಿಗೆಯಲ್ಲಿ ಬೆಳಗಿನ ಎಂಟೂವರೆ ದಾಟಿದರೆ ಬಿಸಿಲು ಬಿರುಸಾಗುತ್ತದೆ. ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟಿನ ಮೊದಲರ್ಧದಲ್ಲಿ ಇನ್ನೊಮ್ಮೆ ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆ ಬೆಳಕಿನಲ್ಲಿ ಎಂಥ ಚೆಲುವೆಯನ್ನು ನಿಲ್ಲಿಸಿದರೂ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ ಕಾಣುತ್ತವೆ, ಮೂಗಿನ ನೆರಳು ಮೀಸೆಯಾಗುತ್ತದೆ. ಆಗ ನೆರಳಿಗೆ ಹೋಗಬೇಕು. ಆದರೆ ನೆರಳಿನ ಒಳಗಲ್ಲ, ಅಂಚಿಗೆ. ಮುಖ ಬಯಲಿನ ಕಡೆಗಿರಬೇಕು. ಎದುರಿಗೆ ಬಿಳಿ ಗೋಡೆಯಿದ್ದರೆ ಅದಕ್ಕಿಂತ ಭಾಗ್ಯವಿಲ್ಲ. ಅಬ್ಬಾ ಕೂರುತ್ತಿದ್ದ ಕಟ್ಟೆ ಎಂಥ ಜಾಗದಲ್ಲಿತ್ತು ಎಂದು ತಿಳಿದದ್ದು ಈ ಪಾಠವಾದ ಮೇಲೆ.

ಇನ್ನೊಂದು ಪಾಠ ಕಲಿಸಿದ್ದು ನಮ್ಮ ಮನೆಯ ಹೆಣ್ಣುಮಕ್ಕಳು. ಈದ್ ದಿನ ನನ್ನ ಆಪಾ ಕಪ್ಪು ಬುರ್ಖಾದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಬುರ್ಖಾ ಬೂದಿಯ ಬಣ್ಣಕ್ಕೆ ಬಂದಿತ್ತು. ಭಾವನ ಬಿಳಿ ಜುಬ್ಬಾ ತೆಗೆದರೆ ಅದೂ ಬೂದಿ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಸಾಧನ ಎದುರಿಗಿರುವುದೆಲ್ಲ ನಡುಮಟ್ಟದ ಬೂದು ಎಂದೇ ಎಣಿಸುತ್ತದಂತೆ. ಕಪ್ಪು ಕಪ್ಪಾಗಿ ಬರಬೇಕಾದರೆ ನಾವೇ ಬೆಳಕು ಕಡಿಮೆ ಮಾಡಬೇಕು, ಬಿಳಿ ಬಿಳಿಯಾಗಿ ಬರಬೇಕಾದರೆ ಹೆಚ್ಚಿಸಬೇಕು. ಎದುರಿಗಿರುವವರು ಯಾರು ಎಂದು ಯಂತ್ರಕ್ಕೆ ಗೊತ್ತಿಲ್ಲ, ಅದನ್ನು ನಾವೇ ಹೇಳಬೇಕು.

ಹೀಗೆ ಕಲಿಯುತ್ತಿರುವಾಗ ಊರಿನ ಐದಾರು ಜನ ಹವ್ಯಾಸಿಗಳ ಪರಿಚಯವಾಯಿತು. ಒಬ್ಬರು ಬ್ಯಾಂಕಿನವರು, ಒಬ್ಬರು ಮೇಷ್ಟ್ರು, ಒಬ್ಬರಿಗೆ ಔಷಧಿ ಅಂಗಡಿ. ಎಷ್ಟು ದಿನ ಹಂಪಿಯ ಬಂಡೆಗಳನ್ನೇ ತೆಗೆಯುವುದು, ಒಮ್ಮೆ ಮಾಡೆಲ್ ಕರೆಸೋಣ ಎಂದರು. ಎಲ್ಲರೂ ದುಡ್ಡು ಹಾಕಿದೆವು. ಬಳ್ಳಾರಿಯಿಂದ ಒಬ್ಬ ಹುಡುಗಿ ಬಂದಳು. ಡಿಗ್ರಿ ಓದುತ್ತಿದ್ದಳು, ಸೀರೆ ಅಂಗಡಿಯ ಜಾಹೀರಾತಿಗೆ ನಿಂತ ಅನುಭವವಿತ್ತು. ಜೊತೆಗೆ ಅವಳ ಅಣ್ಣ. ಆ ದಿನ ತೆಗೆಯುವ ಎಲ್ಲ ಚಿತ್ರಗಳನ್ನೂ ನಾವು ಬಳಸಿಕೊಳ್ಳಬಹುದು ಎಂಬ ಒಪ್ಪಿಗೆಯ ಕಾಗದಕ್ಕೆ ಅವಳು ಸಹಿ ಹಾಕಿದಳು.

ಕಮಲಾಪುರದ ಕಡೆ, ವಿಜಯನಗರದ ಕಾಲದ ಕಾಲುವೆಯ ನೀರು ಕುಡಿಯುವ ಒಂದು ಬಾಳೆತೋಟ ಗೊತ್ತು ಮಾಡಿದ್ದೆವು. ಒಳಗೆ ನೋಡುವುದಕ್ಕೆ ತಂಪು, ಕ್ಯಾಮೆರಾದಲ್ಲಿ ಮಾತ್ರ ಹುಡುಗಿಯ ಮುಖ ಕಾಮಾಲೆ ಬಂದವರ ಹಾಗೆ. ಬಾಳೆ ಎಲೆಯನ್ನು ತೂರಿ ಬರುವ ಬೆಳಕು ಹಸಿರು, ಎಲೆಗೆ ತಾಗಿ ಪುಟಿಯುವ ಬೆಳಕೂ ಹಸಿರು. ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ನೋಡುತ್ತದೆ, ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುತ್ತದೆ. ಅವಳನ್ನು ತೋಟದ ಅಂಚಿಗೆ ಕರೆತಂದು, ತೆರೆದ ಆಕಾಶದ ಕಡೆ ಮುಖ ಮಾಡಿಸಿ, ಒಂದು ಬದಿಗೆ ಥರ್ಮೋಕೋಲಿನ ಬಿಳಿ ಹಾಳೆ ಹಿಡಿಸಿದೆವು. ಹಸಿರು ಇಳಿಯಿತು, ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ ಬಂತು. "ಈ ಕಡೆ ನೋಡಮ್ಮಾ", "ಸ್ವಲ್ಪ ನಗಮ್ಮಾ", "ಸೆರಗು ಬಿಡು, ಗಾಳಿಗೆ ಹಾರಲಿ" ಎಂದು ಆರು ಕ್ಯಾಮೆರಾಗಳು ಆರು ಕಡೆಯಿಂದ ಕರೆಯುತ್ತಿದ್ದವು.

ನಡುವೆ ಬೈಕಿನಲ್ಲಿ ನಾಲ್ಕು ಜನ ಹುಡುಗರು ಬಂದರು. ಏನು ನಡೆದಿದೆ ಎಂದು ಕೇಳಿದರು. ಎಲ್ಲರ ಹೆಸರನ್ನೂ ಕೇಳಿದರು. ನನ್ನ ಹೆಸರನ್ನು ಮಾತ್ರ ಎರಡು ಸಲ. ಬ್ಯಾಂಕಿನವರು ಮುಂದೆ ಬಂದು ಸಮಾಧಾನ ಮಾಡಿದರು, ಅವಳ ಅಣ್ಣ ತಾನೇ ಕರೆತಂದದ್ದು ಎಂದ, ಹುಡುಗರು ಹೋದರು. ಕೈ ನಡುಗುತ್ತಿದ್ದದ್ದು ಯಾರಿಗೂ ಕಾಣಬಾರದೆಂದು ನಾನು ಲೆನ್ಸ್ ಒರೆಸುತ್ತ ನಿಂತೆ. ನಮ್ಮ ಮೊಹಲ್ಲಾದ ಹಿರಿಯರೊಬ್ಬರು ವಾರದ ನಂತರ, "ಕತೆ ಬರೀತಿದ್ದಿ, ಅದು ಸಾಲದಾಯ್ತಾ?" ಎಂದರು. ಎರಡೂ ಕಡೆಯಿಂದ ಪೆಟ್ಟು ತಿಂದವನ ಒಂದು ಹೆಮ್ಮೆ ಇರುತ್ತದಲ್ಲ, ಅದು ಕೆಲವು ದಿನ ನನ್ನಲ್ಲಿತ್ತು. ಅನ್ಯಾಯವಾದದ್ದು ನನಗೆ, ತಪ್ಪೆಲ್ಲ ಅವರದು.

ಆ ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ.

ಹುಡುಗರು ಹೋದ ಮೇಲೆ ಅಂದು ಚಹಾಕ್ಕೆಂದು ಸ್ವಲ್ಪ ಹೊತ್ತು ಬಿಡುವು ಕೊಟ್ಟಿದ್ದೆವು. ಹುಡುಗಿ ತೋಟದ ಆಚೆ ಹೋಗಿ ಒಡವೆ ಬಿಚ್ಚಿಟ್ಟು, ಕಾಲುವೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಸೆರಗಿನಿಂದ ಬಣ್ಣ ಒರೆಸಿಕೊಂಡಳು. ಮುಖದಲ್ಲಿ ದಣಿವಿತ್ತು, ಸ್ವಲ್ಪ ಹೆದರಿಕೆಯೂ ಇತ್ತು. ನೀರಿಗೆ ಬಿದ್ದ ಬಿಸಿಲು ಕೆಳಗಿನಿಂದ ಅವಳ ಗಲ್ಲದ ಮೇಲೆ ಆಡುತ್ತಿತ್ತು. ನಾನು ಮೇಷ್ಟ್ರ ದೂರದ ಲೆನ್ಸ್ ಇಸಿದುಕೊಂಡು, ಬಾಳೆದಿಂಡಿನ ಮರೆಯಿಂದ ಮೂರು ಚಿತ್ರ ತೆಗೆದೆ. ಅವಳು ತಿರುಗಿ ನೋಡಲಿಲ್ಲ. ಮೂರರಲ್ಲಿ ಒಂದು, ನಾನು ಈವರೆಗೆ ತೆಗೆದದ್ದರಲ್ಲೇ ಒಳ್ಳೆಯದು.

ಅದನ್ನು ಒಂದು ಸ್ಪರ್ಧೆಗೆ ಕಳಿಸಿದೆ. ಬಹುಮಾನ ಬಂತು, ದೊಡ್ಡದು ಮಾಡಿ ಪ್ರದರ್ಶನದ ಗೋಡೆಗೆ ಹಾಕಿದರು. ಮೂರನೆಯ ದಿನ ಅವಳ ಫೋನ್ ಬಂತು. ಗೆಳತಿಯೊಬ್ಬಳು ನೋಡಿ ಹೇಳಿದ್ದಳಂತೆ. ನಾನು ಕೂಡಲೇ ಸಹಿ ಹಾಕಿದ ಕಾಗದದ ಮಾತೆತ್ತಿದೆ. ಅವಳು ಜಗಳವಾಡಲಿಲ್ಲ. "ಸಹಿ ಹಾಕೀನಿ ಸರ್, ಇಲ್ಲ ಅನ್ನಂಗಿಲ್ಲ. ಆದ್ರ ನೀವು ದುಡ್ಡು ಕೊಟ್ಟಿದ್ದು ನಾನು ನಿಂತಿದ್ದಕ್ಕ. ಕುಂತಿದ್ದಕ್ಕಲ್ಲ."

ಇಪ್ಪತ್ತು ವರ್ಷ ಕನ್ನಡದಲ್ಲಿ ಬರೆದವನಿಗೆ ಆ ಮಾತಿಗೆ ಉತ್ತರ ಸಿಗಲಿಲ್ಲ.

ಬೆಳಕಿನ ವಿಜ್ಞಾನದ ಮಾತು ಬಂದಾಗಲೆಲ್ಲ ನಾವು ಅಭಿಮಾನದಿಂದ ಇಬ್ನ್ ಅಲ್ ಹೈಸಮ್ ಹೆಸರು ಹೇಳುತ್ತೇವೆ. ಸಾವಿರ ವರ್ಷದ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ವಿದ್ವಾಂಸ. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಗ್ರೀಕರಲ್ಲಿ ಯೂಕ್ಲಿಡ್, ಟಾಲೆಮಿ ಮೊದಲಾದವರು ನಂಬಿದ್ದರು. ಹಾಗಲ್ಲ, ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರುವುದರಿಂದ ಕಾಣುತ್ತದೆ ಎಂದು ತನ್ನ 'ಕಿತಾಬ್ ಅಲ್ ಮನಾಝಿರ್' ಗ್ರಂಥದಲ್ಲಿ ಸಾಧಿಸಿದವರು ಅವರು. ಕತ್ತಲೆ ಕೋಣೆಯ ಸಣ್ಣ ತೂತಿನಿಂದ ಬೆಳಕು ಒಳಬರುವ ಬಗೆಯನ್ನು ಪರೀಕ್ಷಿಸಿದವರೂ ಹೌದು. ನಮ್ಮ ಕ್ಯಾಮೆರಾ ಆ ಕತ್ತಲೆ ಕೋಣೆಯ ಮೊಮ್ಮಗ. ಅವರ ಮಾತು ಸತ್ಯ. ಆದರೆ ಆರು ಲೆನ್ಸುಗಳ ಎದುರು ನಿಂತ ಹುಡುಗಿಯನ್ನು ಕೇಳಿದರೆ ಅವಳು ಗ್ರೀಕರ ಪಕ್ಷವನ್ನೇ ಹಿಡಿದಾಳು. ಕಣ್ಣಿನಿಂದ ಏನೋ ಹೊರಟು ಬಂದು ಮೈಗೆ ತಾಗುತ್ತದೆ ಎನ್ನುವುದು ನೋಡಿಸಿಕೊಂಡವರಿಗೆ ಗೊತ್ತು.

ಆ ವಾರ ಕುರ್‌ಆನಿನ 24ನೆಯ ಅಧ್ಯಾಯವನ್ನು ಮತ್ತೆ ಓದಿದೆ. ಅದರ ಹೆಸರೇ ಅನ್ನೂರ್, ಬೆಳಕು. ಗೂಡಿನಲ್ಲಿಟ್ಟ ದೀಪ, ಅದರ ಗಾಜು, ಉರಿ ಮುಟ್ಟುವ ಮೊದಲೇ ಬೆಳಗುವಂಥ ಎಣ್ಣೆಯ ಉಪಮೆ ಬರುವುದು 35ನೆಯ ವಚನದಲ್ಲಿ. ಚಿಕ್ಕಂದಿನಿಂದ ಕೇಳಿ ಬಲ್ಲ ವಚನ ಅದು. ಅದಕ್ಕೆ ಐದು ವಚನ ಮೊದಲೇ, 30ನೆಯದರಲ್ಲಿ, ದೃಷ್ಟಿ ತಗ್ಗಿಸಿ ಎಂಬ ಆದೇಶವಿದೆ. ಆದೇಶ ಮೊದಲು ಗಂಡಸರಿಗೆ. ಹೆಂಗಸರ ಸರದಿ 31ನೆಯದು. ನಮ್ಮ ಸಭೆಗಳಲ್ಲಿ 31ನೆಯದರ ಮೇಲೆ ಗಂಟೆಗಟ್ಟಲೆ ಭಾಷಣ ಕೇಳಿದ್ದೇನೆ, 30ನೆಯದರ ಮೇಲೆ ಕೇಳಿದ್ದು ಕಡಿಮೆ. ಬೆಳಕಿನ ವಚನಕ್ಕೆ ಹೋಗುವ ದಾರಿಯಲ್ಲೇ ಕಣ್ಣಿನ ಅದಬಿನ ವಚನ ಇರುವುದು ನನಗೆ ಕಾಣಲು ನಲವತ್ತು ವರ್ಷ ಬೇಕಾಯಿತು. ಇದಕ್ಕೆ ವಿದ್ವಾಂಸರು ಏನು ವ್ಯಾಖ್ಯಾನ ಹೇಳುತ್ತಾರೋ, ನಾನು ನನಗೆ ತಾಗಿದ್ದನ್ನು ಹೇಳುತ್ತಿದ್ದೇನೆ.

ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಎಂಬಾಕೆಗೆ 48ನೆಯ ವಯಸ್ಸಿನಲ್ಲಿ ಮಗಳು, ಅಳಿಯ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಇಂಗ್ಲೆಂಡಿನಲ್ಲಿ ಗಾಜು ಹಾಕಿದ ಕೋಳಿಮನೆಯೊಂದನ್ನು ಸ್ಟುಡಿಯೋ ಮಾಡಿಕೊಂಡು, ಹಗಲಿನ ಬೆಳಕಿನಲ್ಲೇ ಆಕೆ ಮನೆಗೆಲಸದ ಹುಡುಗಿಯರ ಮುಖಗಳನ್ನು ತೆಗೆದರು. ಆಗಿನ ಗಾಜಿನ ಪ್ಲೇಟುಗಳಿಗೆ ಬೆಳಕು ಹಿಡಿಯಲು ಕೆಲವು ನಿಮಿಷ ಬೇಕಾಗುತ್ತಿತ್ತು, ಅಷ್ಟು ಹೊತ್ತು ಎದುರಿನವರು ಅಲುಗಾಡದೆ ಕೂರಬೇಕಿತ್ತು. ಹಾಗಾಗಿ ಯಾರ ಚಿತ್ರವನ್ನೂ ಅವರಿಗೆ ತಿಳಿಯದಂತೆ ಕದಿಯುವಂತಿರಲಿಲ್ಲ. ನನ್ನ ಕ್ಯಾಮೆರಾ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಕೆಲಸ ಮುಗಿಸುತ್ತದೆ. ಕೇಳುವುದಕ್ಕೆ ಅಲ್ಲಿ ಸಮಯವೇ ಇಲ್ಲ, ಸಮಯವನ್ನು ನಾವೇ ಮಾಡಿಕೊಳ್ಳಬೇಕು.

ಮಾಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಶರ್ಬತ್ ಗುಲಾ ಇದ್ದಾಳೆ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ, ಶಾಲೆಯಾಗಿದ್ದ ಗುಡಾರದೊಳಗೆ ಸ್ಟೀವ್ ಮೆಕ್‌ಕರಿ ತೆಗೆದ ಆ ಹಸಿರು ಕಣ್ಣಿನ ಆಫ್ಘನ್ ಹುಡುಗಿ. 1985ರ ಜೂನ್ ತಿಂಗಳ 'ನ್ಯಾಷನಲ್ ಜಿಯೋಗ್ರಾಫಿಕ್' ಮುಖಪುಟದಿಂದ ಅವಳ ಮುಖ ಲೋಕಕ್ಕೆಲ್ಲ ಗೊತ್ತಾಯಿತು, ಹೆಸರು ಗೊತ್ತಾದದ್ದು 2002ರಲ್ಲಿ. ಅಲ್ಲಿಯವರೆಗೆ ಅವಳು ಆ ಚಿತ್ರವನ್ನು ನೋಡಿರಲೇ ಇಲ್ಲ. ಅಂದು ತನಗೆ ಸಿಟ್ಟು ಬಂದಿತ್ತು ಎನ್ನುವುದು ಮಾತ್ರ ನೆನಪಿತ್ತು. 2016ರಲ್ಲಿ ಗುರುತಿನ ಚೀಟಿಯ ಪ್ರಕರಣದಲ್ಲಿ ಪಾಕಿಸ್ತಾನ ಅವಳನ್ನು ಬಂಧಿಸಿ ಆಫ್ಘಾನಿಸ್ತಾನಕ್ಕೆ ಕಳಿಸಿತು, 2021ರಲ್ಲಿ ಇಟಲಿ ಆಶ್ರಯ ಕೊಟ್ಟಿತು. ಆ ಕಣ್ಣುಗಳಲ್ಲಿ ನಾವೆಲ್ಲ ಯುದ್ಧದ ನೋವನ್ನು ಓದಿದೆವು. ಕೇಳದೆ ನೋಡಿದವನ ಮೇಲಿನ ಸಿಟ್ಟೂ ಅದರಲ್ಲಿತ್ತು.

ಕ್ಯಾಮೆರಾದ ಮಾತಷ್ಟೇ ಆಗಿದ್ದರೆ ಮಾರಿ ಸುಮ್ಮನಾಗುತ್ತಿದ್ದೆ. ನನಗೆ ನನ್ನ ಖಾಲಾ ನೆನಪಾದರು. ಅವರ ಬದುಕನ್ನಿಟ್ಟುಕೊಂಡು ಬರೆದ ಕತೆ ನನಗೆ ಹೆಸರು ತಂದಿತ್ತು. ಖಾಲಾಗೆ ಓದಲು ಬರುವುದು ಉರ್ದು ಮಾತ್ರ. ನಾನು ಬರೆದದ್ದು ಕನ್ನಡದಲ್ಲಿ. ಅವರಿಗೆ ತಿಳಿಯದ ಲಿಪಿಯ ಮರೆಯಲ್ಲಿ ನಿಂತು, ಅವರು ಕಾಲು ಇಳಿಬಿಟ್ಟು ಕೂತ ಗಳಿಗೆಯನ್ನು ನಾನು ತೆಗೆದಿದ್ದೆ. ಬಾಳೆದಿಂಡಿನ ಮರೆಗಿಂತ ಅದು ಹೇಗೆ ಬೇರೆ?

ಸಂಘಟಕರಿಗೆ ಬರೆದು ಚಿತ್ರ ಇಳಿಸಿದೆ, ಬಹುಮಾನದ ಹಣ ಹಿಂದಿರುಗಿಸಿದೆ. ಹುಡುಗಿಗೆ ಫೋನ್ ಮಾಡಿ ಕ್ಷಮೆ ಕೇಳಿ, ಚಿತ್ರವನ್ನು ಅಳಿಸಿಬಿಡುತ್ತೇನೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೋಟೋ ಚಂದ ಐತಿ ಸರ್. ಒಂದು ನನಗ ಕೊಡ್ರಿ, ನನ್ನ ಹತ್ರ ಇರ್ಲಿ. ಗ್ವಾಡಿ ಮ್ಯಾಲ ಬ್ಯಾಡ" ಎಂದಳು. ಒಂದು ಪ್ರತಿ ಮಾಡಿಸಿ ಕಳಿಸಿದೆ. ನನ್ನಲ್ಲಿ ಇದ್ದದ್ದನ್ನು ಅಳಿಸಿದೆ. ಖಾಲಾ ಎದುರು ಕೂತು ಆ ಕತೆಯನ್ನು ದಖನಿಯಲ್ಲಿ ಓದಿ ಹೇಳಿದೆ. ಅವರು ಏನೆಂದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದಿದ್ದಾರೆ.

ಈಗಲೂ ಭಾನುವಾರ ನಾವು ಹೋಗುತ್ತೇವೆ. ಮಾಡೆಲ್ ಬಂದರೆ ಕ್ಯಾಮೆರಾ ಚೀಲದಲ್ಲೇ ಇರುತ್ತದೆ, ಮೊದಲು ಚಹಾ, ಮಾತು. ತೆಗೆದದ್ದನ್ನೆಲ್ಲ ಅಲ್ಲೇ ತೋರಿಸುತ್ತೇವೆ, ಬೇಡವೆಂದದ್ದು ಅಲ್ಲೇ ಅಳಿಯುತ್ತದೆ. ಬಿಡುವಿನ ಹೊತ್ತಿನಲ್ಲಿ ಲೆನ್ಸಿಗೆ ಮುಚ್ಚಳ. ಚಿತ್ರಗಳು ಕಡಿಮೆಯಾಗಿವೆ. ಎದುರಿನವರ ಭುಜದ ಬಿಗಿ ಸಡಿಲವಾಗಿರುವುದು ಮಾತ್ರ ಚಿತ್ರದಲ್ಲಿ ಕಾಣುತ್ತದೆ.

ಮೊನ್ನೆ ಅಸರ್ ಹೊತ್ತಿಗೆ ಮನೆಗೆ ಬಂದರೆ ಅಮ್ಮಿ ಅಬ್ಬಾ ಕೂರುತ್ತಿದ್ದ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಎದುರುಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಗೋಡೆಯ ಬೆಳಕು ಅಮ್ಮಿಯ ಕೆನ್ನೆಯ ಒಂದೊಂದು ಗೆರೆಯನ್ನೂ ತೋರಿಸುತ್ತಿತ್ತು. ಕ್ಯಾಮೆರಾ ಹೆಗಲಲ್ಲಿತ್ತು. ಇಂಥ ಬೆಳಕು ಮತ್ತೆ ಸಿಗುತ್ತದೋ ಇಲ್ಲವೋ. "ಅಮ್ಮಿ, ಒಂದೇ ಒಂದು?" ಎಂದು ಕೇಳಿದೆ.

"ನಕ್ಕೋ ಬೇಟಾ."

ಚೀಲವನ್ನು ಒಳಗಿಟ್ಟು ಬಂದೆ. ಪಕ್ಕದಲ್ಲಿ ಕೂತು ಅಕ್ಕಿಯಲ್ಲಿನ ಕಲ್ಲು ಹುಡುಕತೊಡಗಿದೆ. ಬೆಳಕು ಇನ್ನೂ ಅರ್ಧ ಗಂಟೆ ಇತ್ತು.