ಮೀನು, ಕೊತ್ತಂಬರಿ ಮತ್ತು ನಾನು

ಕಲಾ ವಿಭಾಗದ ಹುಡುಗಿ ಮೀನು ಸಾಕಲು ಹೊರಟಳೆಂದರೆ ನಗದವರು ಯಾರು? ನನ್ನ ಗೆಳತಿಯರೂ ನಕ್ಕರು. ಅರ್ಥಶಾಸ್ತ್ರದ ಉಪನ್ಯಾಸಕರು ಮಾತ್ರ ನಗದೆ, “ಬಂಡವಾಳ ಎಲ್ಲಿಂದಮ್ಮ?” ಎಂದು ಕೇಳಿದರು. ಅಂದು ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ಬಂಡವಾಳ ಅವ್ವನದು. ಮಹಿಳಾ ಸಂಘದಿಂದ ನನಗಾಗಿ ಎತ್ತಿದ ೩,೦೦೦ ರೂಪಾಯಿ ಸಾಲ.

ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಅಪ್ಪ ಗಾರೆ ಕೆಲಸದವನು. ಎಷ್ಟೋ ಶಾಲೆಗಳ ಗೋಡೆ ಎಬ್ಬಿಸಿದ್ದಾನೆ. ಸಹಿ ಹಾಕುವುದನ್ನು ಮಾತ್ರ ನನ್ನ ಪ್ರವೇಶದ ಅರ್ಜಿಯ ಸಲುವಾಗಿ ಕಲಿತ. ಇಂಥ ಮನೆಯಲ್ಲಿ ಬಿ.ಎ. ಓದುವ ಮಗಳು ಏನು ಹೇಳಿದರೂ ಅದು ಪುಸ್ತಕದಲ್ಲಿರುವ ಮಾತೇ ಎಂಬ ನಂಬಿಕೆ. ಆ ನಂಬಿಕೆಯನ್ನು ನಾನು ಧಾರಾಳವಾಗಿಯೇ ಬಳಸಿಕೊಂಡೆ.

ಯೋಜನೆ ಹೇಳುವುದಕ್ಕೆ ಬಹಳ ಸುಲಭ. ಹಿತ್ತಿಲಿನಲ್ಲಿ ಬಿದಿರು ನೆಟ್ಟು, ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆ ಹೊದಿಸಿದ ಒಂದು ಹಸಿರುಮನೆ. ಅದರೊಳಗೆ ೫೦೦ ಲೀಟರಿನ ತೊಟ್ಟಿಯಲ್ಲಿ ಮೀನು. ಪಕ್ಕದ ಇಟ್ಟಿಗೆ ಕಟ್ಟೆಯ ಮೇಲೆ ಉದ್ದಕ್ಕೆ ಸೀಳಿದ ಡ್ರಮ್ಮುಗಳ ತುಂಬ ಜಲ್ಲಿ. ಜಲ್ಲಿಯಲ್ಲಿ ಕೊತ್ತಂಬರಿ, ಪುದೀನ, ಪಾಲಕ್. ಮಣ್ಣಿನ ಮಾತೇ ಇಲ್ಲ. ಸಣ್ಣದೊಂದು ಮೋಟಾರು ತೊಟ್ಟಿಯ ನೀರನ್ನು ಜಲ್ಲಿಗೆ ಎತ್ತುತ್ತದೆ; ಅದು ಸೋಸಿಕೊಂಡು ಮತ್ತೆ ತೊಟ್ಟಿಗೇ ಇಳಿಯುತ್ತದೆ. ಮೀನಿನ ಕಸ ಗಿಡಕ್ಕೆ ಗೊಬ್ಬರ, ಗಿಡ ಶುದ್ಧಮಾಡಿದ ನೀರು ಮೀನಿಗೆ. ಚೀನಾದ ಜೆಜಿಯಾಂಗ್ ಪ್ರಾಂತ್ಯದಲ್ಲಿ ಭತ್ತದ ಗದ್ದೆಯೊಳಗೇ ಮೀನು ಸಾಕುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ೨೦೦೫ರಲ್ಲಿ ಅದನ್ನು ಜಗತ್ತಿನ ಕೃಷಿ ಪರಂಪರೆಗಳಲ್ಲಿ ಒಂದೆಂದು ಗುರುತಿಸಿತು. ಇದನ್ನು ಹೇಳಿಯೇ ನಾನು ಅವ್ವನನ್ನು ಒಪ್ಪಿಸಿದ್ದು. ಚೀನಾ ಎಂದ ಮೇಲೆ ಅವಳು ಮರುಮಾತಾಡಲಿಲ್ಲ.

ದಸರೆಯ ರಜೆಯಲ್ಲಿ ಅಪ್ಪ ಕಟ್ಟೆ ಕಟ್ಟಿಕೊಟ್ಟ. ನೀರು ತುಂಬಿದ ಮಾರನೆಯ ದಿನವೇ ೪೦ ಗೆಂಡೆಮೀನಿನ ಮರಿಗಳನ್ನು ತಂದು ಬಿಟ್ಟೆ. ಹೊತ್ತು ಹೊತ್ತಿಗೆ ಹಿಡಿ ಹಿಡಿ ಮೇವು. ಐದನೆಯ ದಿನ ಮರಿಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. “ಅಕ್ಕಾ, ನಮ್ಮನ್ನ ಮಾತಾಡಿಸ್ತಾವೆ!” ಎಂದು ತಮ್ಮ ಕುಣಿದ. ಹಸಿವೆಂದು ತಿಳಿದು ನಾನು ಇನ್ನಷ್ಟು ಮೇವು ಹಾಕಿದೆ. ಒಂಬತ್ತನೆಯ ದಿನದ ಹೊತ್ತಿಗೆ ೨೯ ಸತ್ತಿದ್ದವು.

ಅವ್ವ ಅಳಲಿಲ್ಲ, ಬೈಯಲೂ ಇಲ್ಲ. “ಸತ್ತ ಮೀನ್ಗೆ ಇನ್ನೆಷ್ಟು ವಾರ ಕಂತು ಕಟ್ಬೇಕು ಮಗ?” ಎಂದಳು. ಬೈದಿದ್ದರೆ ಅಂದು ನನಗೆ ಊಟವಾದರೂ ಸೇರುತ್ತಿತ್ತು.

ಆಮೇಲೆ ಓದಿದೆ. (ಮೊದಲೇ ಓದಬೇಕಾದ್ದನ್ನು ಆಮೇಲೆ ಓದುವುದು ನಮ್ಮ ವಿದ್ಯಾರ್ಥಿವರ್ಗದ ಹಳೆಯ ಚಾಳಿಯೆಂಬುದನ್ನು ವಾಚಕ ಮಹಾಶಯರು ಬಲ್ಲರು.) ಮೀನು ತನ್ನ ಕಿವಿರುಗಳಿಂದ ಹೊರಬಿಡುವುದು ಅಮೋನಿಯ, ಅದು ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಿದ ಮೇಲೆ ಗಿಡಕ್ಕೆ ಒಳ್ಳೆಯ ಆಹಾರ. ಇದನ್ನು ರಷ್ಯದ ವಿನೊಗ್ರಾಡ್‌ಸ್ಕಿ ೧೮೯೦ರ ಸುಮಾರಿಗೇ ಪ್ರಯೋಗದಿಂದ ತೋರಿಸಿದ್ದ. ಈ ಜೀವಿಗಳು ಜಲ್ಲಿಗೆ ಅಂಟಿಕೊಂಡು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟದ್ದು ಒಂದು ರಾತ್ರಿ. ಸಾಲದ್ದಕ್ಕೆ ಆ ಪ್ಲಾಸ್ಟಿಕ್ ಹಾಳೆ! ಹಸಿರುಮನೆ ಹುಟ್ಟಿದ್ದು ಚಳಿಯ ದೇಶಗಳಿಗಾಗಿ. ನಮ್ಮ ಬಿಸಿಲಿಗೆ ಅದರೊಳಗೆ ನೀರು ಕಾಯುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಅಮೋನಿಯದ ವಿಷ ಹೆಚ್ಚು. ಬಣ್ಣದ ಮೀನಿನ ಅಂಗಡಿಯಿಂದ ಪರೀಕ್ಷೆಯ ಹನಿ ತಂದು ಹಾಕಿದರೆ, ಹಳದಿಯಾಗಬೇಕಾದ ನೀರು ಕಡುಹಸಿರಾಯಿತು.

ರಾತ್ರಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಬೀಡಿ ಆರಿಸಿ ಕೇಳಿಸಿಕೊಂಡ.

“ಮೋಲ್ಡ್ ಹಾಕ್ಬುಟ್ಟು ಮಾರನೆ ದಿನವೇ ಸೆಂಟ್ರಿಂಗ್ ಬಿಚ್ತಾರಾ? ನೀರುಣ್ಸಿ ಕಾಯಬ್ಯಾಡ್ವಾ?” ಎಂದ. ಸ್ವಲ್ಪ ತಡೆದು, “ಇಷ್ಟ್ ಬಿರ್ನೆ ಯಾಕೆ ಅಂತ ನಂಗೂ ಅನ್ನುಸ್ತು ಮಗ. ನೀನು ಓದ್ದೋಳು, ಗೊತ್ತಿರ್ತದೆ ಅಂತ ಸುಮ್ಕಿದ್ದೆ” ಎಂದ.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಪ್ಲಾಸ್ಟಿಕ್ ಹಾಳೆ ಕಿತ್ತು ತೆಂಗಿನ ಗರಿ ಹೊದಿಸಿದೆವು. ಉಳಿದ ೧೧ ಮೀನುಗಳಿಗೆ ಚಿಟಿಕೆ ಮೇವು. ದಿನವೂ ಒಂದಿಷ್ಟು ನೀರು ತೆಗೆದು ಬಾವಿಯ ಹೊಸ ನೀರು. ಐದು ವಾರ ಕಳೆದ ಮೇಲೆ ಹನಿ ಹಾಕಿದ ನೀರು ಹಳದಿಗೇ ನಿಂತಿತು. ಕೊತ್ತಂಬರಿ ಹುಲುಸಾಗಿ ಬಂತು. ಅವ್ವ ಈಗ ಅದನ್ನೂ ಪುದೀನವನ್ನೂ ಕಂತೆ ಕಟ್ಟಿ ಬೀದಿಯವರಿಗೆ ಮಾರುತ್ತಾಳೆ. ವಾರದ ಕಂತಿನ ಅರ್ಧ ಅದರಿಂದಲೇ ಹುಟ್ಟುತ್ತದೆ. ಉಳಿದರ್ಧಕ್ಕೆ ಅಪ್ಪನ ಕೂಲಿಯೇ ಗತಿ.

ನಮ್ಮೂರಿನಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಮೋಟಾರು ನಿಂತರೆ ನೀರಿಗೆ ಗಾಳಿ ಬೆರೆಯದು. ಮೊನ್ನೆ ನಡುರಾತ್ರಿ ಎಚ್ಚರವಾಗಿ ಹಿತ್ತಿಲಿಗೆ ಓಡಿದೆ. ಅಪ್ಪ ಆಗಲೇ ತೊಟ್ಟಿಯ ಪಕ್ಕ ನಿಂತು, ಚೊಂಬಿನಲ್ಲಿ ನೀರನ್ನು ಎತ್ತಿ ಎತ್ತಿ ಮೇಲಿಂದ ಹುಯ್ಯುತ್ತಿದ್ದ.

“ನಿಂಗೆ ಪರೀಕ್ಸೆ ಅಲ್ವಾ? ಹೋಗಿ ಮನಿಕೊ” ಎಂದ.

ನಾನು ಒಳಗಿನಿಂದ ಇನ್ನೊಂದು ಚೊಂಬು ತಂದೆ.