ಮೇಳ ಕೂತಲ್ಲಿ ಬೆಳಗಾಗುವ ಸೀಮೆ

ಹಾನಗಲ್ಲಿಗೆ ಹೋಗಬೇಕೆಂಬ ಆಸೆ ಹುಟ್ಟಿದ್ದು ಕುಂದಗೋಳದಲ್ಲಿ. ಕಾಲೇಜಿನ ದಿನಗಳಲ್ಲಿ ಅಲ್ಲಿನ ನಾಡಿಗೇರ ವಾಡೆಯಲ್ಲಿ, ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತದಲ್ಲಿ, ಗಂಗೂಬಾಯಿ ಹಾನಗಲ್ಲರನ್ನು ಎದುರು ಕೂತು ಕೇಳಿದ್ದೆ. ಆ ತುಂಬು ದನಿಯಲ್ಲಿ, ವಿಲಂಬಿತದಲ್ಲಿ ಒಂದೊಂದೇ ಸ್ವರವಿಟ್ಟು ಅವರು ರಾಗ ಬೆಳೆಸುವಾಗ ವಾಡೆಯಲ್ಲಿ ಯಾರೂ ಅಲುಗುತ್ತಿರಲಿಲ್ಲ. ಅವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹಾನಗಲ್ಲ ಮನೆತನದ ಮೂಲ ಊರು. ಆ ಊರನ್ನೊಮ್ಮೆ ನೋಡದೆ ಇರಲಾಗದು ಅನ್ನಿಸಿತ್ತು.

ಆದರೆ ಈ ತಾಲ್ಲೂಕಿನ ಸಂಗೀತ ಆ ಒಂದು ಹೆಸರಿಗೇ ನಿಲ್ಲುವುದಿಲ್ಲ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ ಕಾಡಶೆಟ್ಟಿಹಳ್ಳಿ ಇಲ್ಲಿಯದು. ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ ದೇವಗಿರಿಯೂ ಇಲ್ಲಿಯದೇ. ಇಬ್ಬರಿಗೂ ಕಣ್ಣಿರಲಿಲ್ಲ. ಹಾನಗಲ್ಲಿನ ಕುಮಾರ ಸ್ವಾಮಿಗಳು ಗದಿಗೆಯ್ಯನೆಂಬ ಕುರುಡು ಹುಡುಗನ ಕಂಠಕ್ಕೆ ಒಲಿದು, ಸಂಗೀತ ಕಲಿಸುವ ಹೊಣೆ ಹೊತ್ತರು. ಆ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಯಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದ್ದು. ಬಸವರಾಜ ರಾಜಗುರು ಕಲಿತದ್ದು ಅವರಲ್ಲಿ. ವೆಂಕಟೇಶಕುಮಾರ್ ಕಲಿತದ್ದು ಪುಟ್ಟರಾಜರಲ್ಲಿ. ಒಬ್ಬ ಸ್ವಾಮಿಯ ಕರುಣೆಯಿಂದ ಇಷ್ಟು ದೊಡ್ಡ ಪರಂಪರೆ ಬೆಳೆದದ್ದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ತಾರಕೇಶ್ವರ ಗುಡಿಯ ಕಮಲದ ಛತ್ತು ನೋಡಿ ಬಂದ ಸಂಜೆ, ಊರಿನ ಮಠವೊಂದರ ಅಂಗಳದಲ್ಲಿ ಹಾಡಿಕೆ ಇತ್ತು. ಗದುಗಿನಲ್ಲಿ ಕಲಿತು ಬಂದ ತರುಣನೊಬ್ಬ ಪೇಟಿ ಮುಂದಿಟ್ಟುಕೊಂಡು ಯಮನ್‌ನಲ್ಲಿ ವಚನ ಎತ್ತಿಕೊಂಡ. ಮುಂದೆ ಕೂತವರು ಹೊಲದಿಂದ ನೇರ ಬಂದ ರೈತರು. ತೀವ್ರ ಮಧ್ಯಮಕ್ಕೆ ಹೋಗಿ ಅವನು ಲಗುಬಗೆಯಿಂದ ಇಳಿದಾಗ ರುಮಾಲಿನ ಅಜ್ಜನೊಬ್ಬ ಕೈ ಎತ್ತಿದ: "ತಮ್ಮಾ, ಅವಸರ ಮಾಡಬ್ಯಾಡ. ಅಲ್ಲೇ ಸ್ವಲ್ಪ ನಿಂದ್ರು, ಇನ್ನೊಮ್ಮೆ ತಗೋ." ಹುಡುಗ ನಕ್ಕು, ಹಿಂದೆ ಹೋಗಿ, ಅದೇ ಸ್ವರದ ಮೇಲೆ ನಿಂತ. ಕೇಳುವವರೂ ಹಾಡಿಕೆಯನ್ನು ತಿದ್ದಬಲ್ಲರು ಎಂಬುದನ್ನು ನಾನು ದೊಡ್ಡ ಸಭಾಭವನಗಳಲ್ಲಿ ಕಂಡಿಲ್ಲ.

ಬಂಕಾಪುರದ ಮೇಲೆ ಹಾಯ್ದು ಶಿಗ್ಗಾವಿ, ಅಲ್ಲಿಂದ ಶಿಶುವಿನಹಾಳ. ನಾವೆಲ್ಲ ಶಿಶುನಾಳ ಅನ್ನುವ ಊರು. ಶರೀಫ ಸಾಹೇಬರು (1819–1889) ಹುಟ್ಟಿದ್ದೂ ಮಣ್ಣಾದದ್ದೂ ಇಲ್ಲೇ. ತಂದೆ ನಡೆದುಕೊಳ್ಳುತ್ತಿದ್ದದ್ದು ಹುಲಗೂರಿನ ಖಾದರಿ ಸಂತರಿಗೆ, ಮಗನ ಗುರು ಕಳಸದ ಗೋವಿಂದಭಟ್ಟರು. ಕೊನೆಯ ಸಂಸ್ಕಾರವನ್ನು ಎರಡೂ ಧರ್ಮದವರು ಕೂಡಿ ಮಾಡಿದರು.

ಶರೀಫರ ಪದಗಳನ್ನು ನನ್ನ ತಲೆಮಾರಿಗೆ ತಂದುಕೊಟ್ಟವರು ಸಿ. ಅಶ್ವಥ್. 1990ರಲ್ಲಿ ಬಂದ ನಾಗಾಭರಣರ ಸಿನಿಮಾದ ಹಾಡುಗಳನ್ನು ಕ್ಯಾಸೆಟ್ ಸವೆಯುವವರೆಗೆ ಕೇಳಿದ್ದೇನೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ 'ಕನ್ನಡವೇ ಸತ್ಯ'ದಲ್ಲಿ ಆ ಜನಸಾಗರದ ನಡುವೆ ನಿಂತು ನಾನೂ ದನಿಗೂಡಿಸಿದ್ದೇನೆ. ಆ ಋಣ ದೊಡ್ಡದು. ಆದರೂ ಶಿಶುನಾಳದಲ್ಲಿ ಶರೀಫರ ಗದ್ದುಗೆಯ ಮುಂದೆ ಆ ರಾತ್ರಿ ಕೇಳಿದ್ದು ಬೇರೆಯೇ.

ಪಕ್ಕದ ಹಳ್ಳಿಯ ಭಜನಾ ಮೇಳ ಬಂದಿತ್ತು. ದಮ್ಮಡಿಯವನು ಒಣಹುಲ್ಲಿಗೆ ಕಡ್ಡಿ ಕೊರೆದು, ಚರ್ಮವನ್ನು ಉರಿಯ ಮೇಲೆ ತಿರುತಿರುಗಿಸಿ ಕಾಯಿಸಿದ. ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ಮತ್ತೆ ಕಾಯಿಸಿದ. ಪೇಟಿಯ ಶ್ರುತಿಗೆ ಅದು ಕೂಡುವವರೆಗೆ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಮುಖ್ಯ ಹಾಡುಗಾರ ಏಕತಾರಿ ಮೀಟಿ ಪದ ಎತ್ತಿದ. ನನಗೆ ಬಾಯಿಪಾಠವಿದ್ದ ಪದ, ಆದರೆ ಮಟ್ಟು ಬೇರೆ, ನಡೆ ನಿಧಾನ. ಒಂದು ನುಡಿ ಮುಗಿದರೆ ಹಿಮ್ಮೇಳ ಅದನ್ನು ಮತ್ತೆ ಮತ್ತೆ ತಿರುವಿ ಹಾಡುತ್ತಿತ್ತು. ನಡುವೆ ಹಾಡು ನಿಲ್ಲಿಸಿ ಆತ ಕೇಳಿದ: "ಇದರಾಗ ನುಂಗಿದ್ದು ಯಾವುದು, ನುಂಗಿಸಿಕೊಂಡಿದ್ದು ಯಾವುದು, ಹೇಳ್ರಿ ನೋಡೋಣು." ಒಬ್ಬರು ಮನಸ್ಸು ಅಂದರು, ಇನ್ನೊಬ್ಬರು ಅಹಂಕಾರ ಅಂದರು. ಹಿಂದಿನಿಂದ ಅಜ್ಜಿಯೊಬ್ಬಳು, "ನಮ್ಮ ಮುತ್ಯಾ ಆ ನುಡಿ ಹಂಗ ಅಂತಿದ್ದಿಲ್ಲೋ" ಎಂದು ಒಂದು ಶಬ್ದ ತಿದ್ದಿದಳು. ಒಪ್ಪಿಕೊಂಡು, ತಿದ್ದಿದ ನುಡಿಯನ್ನೇ ಹಾಡಿ ಮುಂದೆ ಹೋದರು. ನನ್ನ ಕೈಗೂ ಒಂದು ಜೋಡಿ ತಾಳ ಬಂತು: "ಹಿಡೀರಿ ಅಣ್ಣಾರ, ಸುಮ್ಮ ಯಾಕ ಕುಂತೀರಿ." ಕ್ಯಾಸೆಟ್ಟಿನಿಂದ ನನಗೆ ಧಾಟಿ ಸಿಕ್ಕಿತ್ತು, ಪದ ಸಿಕ್ಕಿದ್ದು ಇಲ್ಲಿ. ಮಂಗಳಾರತಿಯ ಹೊತ್ತಿಗೆ ಮೂಡಲು ಕೆಂಪೇರಿತ್ತು.

ಸವಣೂರಿನಲ್ಲಿ ಹೆಚ್ಚು ನಿಲ್ಲಲಿಲ್ಲ. ದೊಡ್ಡಹುಣಸೆ ಮಠದ ಆ ಭಾರಿ ಮರಗಳನ್ನು ನೋಡಿ, ಖಾರ ಕಟ್ಟಿಸಿಕೊಂಡು, ಸತ್ಯಬೋಧ ತೀರ್ಥರ ವೃಂದಾವನಕ್ಕೆ ಹೋದೆ. ಹೆಂಗಸರು ದೇವರನಾಮ ಹಾಡುತ್ತಿದ್ದರು, ನಡುವೆ ಕನಕದಾಸರದೂ ಒಂದು ಬಂತು. ಕನಕರ ಬಾಡ ಶಿಗ್ಗಾವಿ ತಾಲ್ಲೂಕಿನಲ್ಲೇ ಇದೆ. ನೆರೆಮನೆಯ ಹಿರಿಯರ ಹಾಡನ್ನು ಹಾಡುವಷ್ಟು ಸಲಿಗೆ ಆ ದನಿಗಳಲ್ಲಿತ್ತು.

ಹಾವೇರಿ ದಾಟಿ ಹಿರೇಕೆರೂರು ಸೀಮೆಗೆ ಬಂದರೆ ಸಂಗೀತಕ್ಕೆ ವಾದ್ಯವೂ ಬೇಕಿಲ್ಲ. ಮಾಸೂರಿನ ಬಳಿ ಕುಮುದ್ವತಿಗೆ ಗುಡ್ಡಗಳ ನಡುವೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆ ಇದೆ. ಮದಗದ ಕೆರೆಗೆ ಮಳೆ ಬಂದ ಆ ಹೆಸರಾಂತ ಜನಪದ ಹಾಡು ತಮ್ಮ ಕೆರೆಯದೆಂದು ಈ ಸೀಮೆಯವರು ಹೇಳುತ್ತಾರೆ, ಕಡೂರು ಸೀಮೆಯವರೂ ಹೇಳುತ್ತಾರೆ. ಏರಿಯ ಮೇಲೆ ನಿಂತವನಿಗೆ ಆ ತಕರಾರು ದೊಡ್ಡದಾಗಿ ಕಾಣಲಿಲ್ಲ. ಅಲ್ಲಿಗೆ ಹತ್ತಿರದ ಹಳ್ಳಿಯಲ್ಲಿ ಕುಬಸದ ಮನೆಗೆ ಕರೆದೊಯ್ದರು. ಹೆಂಗಸರು ಎರಡು ಗುಂಪಾಗಿ ಎದುರುಬದುರು ಕೂತಿದ್ದರು. ಒಂದು ಗುಂಪು ಮೂರು ಸಾಲಿನ ಪದ ಹಾಡಿದರೆ, ಅದರ ಕೊನೆ ಇನ್ನೂ ಗಾಳಿಯಲ್ಲಿರುವಾಗಲೇ ಮತ್ತೊಂದು ಗುಂಪು ಎತ್ತಿಕೊಳ್ಳುತ್ತಿತ್ತು. ಎರಡನೆಯ ಸಾಲಿನ ಒಂದು ಭಾಗ ಮರಳಿ ಬಂದು ಮೂರನೆಯದಕ್ಕೆ ಒಯ್ಯುತ್ತದೆ. ಓದುವಾಗ ಕಾಣದ ಈ ತಿರುವು ಹಾಡುವಾಗಲೇ ಕೇಳಬೇಕು. ಸರ್ವಜ್ಞನ ಹೆಸರಿನೊಂದಿಗೆ ಬೆಸೆದ ಅಬಲೂರು, ಮಾಸೂರು ಇದೇ ಸೀಮೆಯವು. ಅವನೂ ಬಳಸಿದ್ದು ಈ ತ್ರಿಪದಿಯನ್ನೇ. ಅವನ ವಚನಗಳನ್ನು ಶಾಲೆಯಲ್ಲಿ ನೀತಿಪಾಠವಾಗಿ ಓದಿಸುವ ಬದಲು ಈ ಹೆಂಗಸರ ಬಾಯಿಂದ ಹಾಡಿಸಿದ್ದರೆ ಮಕ್ಕಳಿಗೆ ಬೇಗ ಒಲಿಯುತ್ತಿದ್ದವು.

ಊರೂರಿನಲ್ಲಿ ಉತ್ಸವ ನಡೆಸುವವರಲ್ಲಿ ಒಂದು ವಿನಂತಿ. ಭಜನಾ ಮೇಳಗಳನ್ನು ಕರೆಸಿ, ಭಾಷಣಗಳ ನಡುವೆ ಹತ್ತು ನಿಮಿಷ ಕೊಟ್ಟು, ಶಾಲು ಹೊದಿಸಿ ಕಳಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅಷ್ಟರಲ್ಲಿ ದಮ್ಮಡಿಯೂ ಕಾಯುವುದಿಲ್ಲ. ಅವರಿಗೆ ವೇದಿಕೆ ಎತ್ತರ ಮಾಡಬೇಡಿ, ನೆಲಕ್ಕೊಂದು ಜಮಖಾನೆ ಹಾಸಿ. ಸರಿಯಾದ ಸಂಭಾವನೆ ಕೊಡಿ. ಒಂದು ಇಡೀ ರಾತ್ರಿ ಕೊಡಿ.