ಇಬ್ಬರ ನಡುವಿನ ಜಾಗ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಕಲ್ಲಿದೆ. ಅದರ ಮೇಲಿರುವುದು 1294ರ ತೆಲುಗು ಶಾಸನ. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ. ಚರಿತ್ರೆಯ ನಂಟಿದ್ದವರು ಆ ಅಕ್ಷರಗಳಿಗಾಗಿ ನಿಲ್ಲುತ್ತಾರೆ. ನನ್ನನ್ನು ನಿಲ್ಲಿಸುವುದು ಅಲ್ಲೇ ಗೋಡೆಯಲ್ಲಿ ಕೊರೆದ ಚಿತ್ರ. ಅಷ್ಟು ದೊಡ್ಡ ಕಲ್ಲು ಹೇಗೆ ಬಂತೆಂಬುದನ್ನು ಕಲ್ಲುಕುಟಿಗ ಅಲ್ಲಿ ತೋರಿಸಿದ್ದಾನೆ. ಕೋಣಗಳ ಉದ್ದನೆಯ ಸಾಲು, ಅರಗಳಿಲ್ಲದ ಇಡೀ ಗಾಲಿಗಳ ಬಂಡಿ, ಕೋಣಗಳನ್ನು ಹುರಿದುಂಬಿಸುವವರು, ಹಿಂದಿನಿಂದ ಗಾಲಿಗೆ ಮರದ ಸನ್ನೆಗೋಲು ಕೊಟ್ಟು ಮೀಟುವವರು. ಒಂದೇ ಭಾರ ಅವರನ್ನೆಲ್ಲ ಒಂದುಗೂಡಿಸಿದೆ. ಮುಂದಿನವನು ಕೋಣಗಳನ್ನು ಜಗ್ಗಿಸದಿದ್ದರೆ ಹಿಂದಿನವನ ಮೀಟು ದಂಡ. ಮಾತಿಲ್ಲದೆ, ಅಪ್ಪುಗೆಯಿಲ್ಲದೆ, ಮನುಷ್ಯ ಮನುಷ್ಯನನ್ನು ನಂಬಿ ನಿಂತ ಬಗೆಯನ್ನು ಇಷ್ಟು ಚೊಕ್ಕವಾಗಿ ಹೇಳಿದ ಚಿತ್ರ ಇನ್ನೊಂದು ಸಿಕ್ಕೀತೇ ಎಂದು ಪ್ರತಿಸಲವೂ ಅನಿಸುತ್ತದೆ.

ಮಾನವ ಸಂಬಂಧಗಳ ಬಗ್ಗೆ ಯಾವುದೇ ಚಿತ್ರ ನೋಡುವಾಗ ನಾನು ಮೊದಲು ಮುಖಗಳನ್ನು ನೋಡುವುದಿಲ್ಲ, ಇಬ್ಬರ ನಡುವಿನ ಜಾಗವನ್ನು ನೋಡುತ್ತೇನೆ. ಗೇಣಿನಷ್ಟೋ, ಮಾರಿನಷ್ಟೋ, ಯಾರು ಯಾರ ಕಡೆ ವಾಲಿದ್ದಾರೆ, ಯಾರ ಮೊಣಕೈ ಹಿಂದೆ ಸರಿದಿದೆ? ಒಲುಮೆ, ಮುನಿಸು, ಅಂಜಿಕೆ, ಹಂಗು ಎಲ್ಲವೂ ಆ ಖಾಲಿ ಜಾಗದಲ್ಲೇ ಮನೆ ಮಾಡಿಕೊಂಡಿರುತ್ತವೆ. ಒಳ್ಳೆಯ ಚಿತ್ರಕಾರ ದೇಹಗಳಿಗೆ ಎಷ್ಟು ಬಣ್ಣ ಕೊಡುತ್ತಾನೋ ಈ ಜಾಗಕ್ಕೂ ಅಷ್ಟೇ ಗಮನ ಕೊಡುತ್ತಾನೆ.

ಹೀಗೆ ನೋಡುವ ರುಚಿ ಹತ್ತಿಸಿದ್ದು 1981ರ ಒಂದು ಸಮೂಹ ಪ್ರದರ್ಶನದ ಚಿತ್ರಕಾರರು. ಮುಂಬೈ ಮತ್ತು ದೆಹಲಿಯಲ್ಲಿ ನಡೆದ ಆ ಪ್ರದರ್ಶನದ ಹೆಸರು ‘ಪ್ಲೇಸ್ ಫಾರ್ ಪೀಪಲ್’. ಭೂಪೇನ್ ಖಖ್ಖರ್, ಗುಲಾಮ್ ಮೊಹಮ್ಮದ್ ಶೇಖ್, ವಿವಾನ್ ಸುಂದರಂ, ನಳಿನಿ ಮಲಾನಿ, ಸುಧೀರ್ ಪಟವರ್ಧನ್, ಜೋಗೇನ್ ಚೌಧುರಿ — ಈ ಆರು ಮಂದಿಯ ಚಿತ್ರಗಳ ಜೊತೆಗೆ ವಿಮರ್ಶಕಿ ಗೀತಾ ಕಪೂರ್ ಅವರ ಬರಹವಿತ್ತು. ಅಮೂರ್ತ ಕಲೆಗೆ ಮಾನ ಹೆಚ್ಚಿದ್ದ ದಿನಗಳವು. ಆಗ ಈ ಆರು ಮಂದಿ ಬೀದಿಯ ಜನರನ್ನು, ಮನೆಯ ಜನರನ್ನು ಮತ್ತೆ ಕ್ಯಾನ್ವಾಸಿನ ನಡುಮನೆಗೆ ಕರೆದು ಕೂರಿಸಿದರು.

ಖಖ್ಖರ್ ಬರೋಡಾದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಲೇ ಕ್ಷೌರದಂಗಡಿ, ಗಡಿಯಾರ ರಿಪೇರಿ ಅಂಗಡಿಗಳನ್ನು ಬರೆದವರು. 1981ರಲ್ಲೇ ಅವರು ಬರೆದ ‘ಯು ಕಾಂಟ್ ಪ್ಲೀಸ್ ಆಲ್’ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮಹಡಿಯ ಮೇಲೆ ಒಬ್ಬ ಬೆತ್ತಲೆ ನಿಂತಿದ್ದಾನೆ. ಕೆಳಗೆ ಊರು ತನ್ನ ಪಾಡಿಗೆ ತಾನು ದುಡಿಯುತ್ತಿದೆ. ಆ ಊರಿನೊಳಗೇ ನಮಗೆಲ್ಲ ಅಜ್ಜಿ ಹೇಳಿದ ಅಪ್ಪ, ಮಗ ಮತ್ತು ಕತ್ತೆಯ ಕಥೆ ಒಂದೊಂದೇ ಘಟ್ಟವಾಗಿ ನಡೆಯುತ್ತಿದೆ. ಅಪ್ಪ–ಮಗನ ನಡುವೆ ಊರಿನ ಬಾಯಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಒಂದು ಕಡೆ. ತನ್ನ ಮೈಮನಸ್ಸನ್ನು ಊರಿಗೆ ತೋರಿಸಲು ನಿಂತ ಒಂಟಿ ಮನುಷ್ಯ ಇನ್ನೊಂದು ಕಡೆ. ಎರಡರ ನಡುವೆ ಬರೀ ಒಂದು ಮಹಡಿಯ ಕಟಕಟೆ.

ಪಟವರ್ಧನ್ ವೃತ್ತಿಯಿಂದ ವೈದ್ಯರಾಗಿದ್ದವರು, ಠಾಣೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿದ್ದವರು. ದುಡಿದು ದಣಿದ ದೇಹ ಹೇಗೆ ಕೂರುತ್ತದೆ, ಹೇಗೆ ಒರಗುತ್ತದೆ ಎಂಬುದು ಅವರ ಕುಂಚಕ್ಕೆ ಚೆನ್ನಾಗಿ ಗೊತ್ತು. ಅವರ ‘ಟ್ರೇನ್’ ಚಿತ್ರದ ಅಚ್ಚನ್ನು ಪುಸ್ತಕವೊಂದರಲ್ಲಿ ಮಾನ್ವಿಯ ಚಿಗವ್ವನಿಗೆ ತೋರಿಸಿದ್ದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. “ಮೈಗೆ ಮೈ ತಾಗೇತಿ, ಖರೇ ಯಾರೂ ಯಾರ್ನೂ ಮಾತಾಡ್ಸಂಗಿಲ್ಲ ನೋಡು ತಮ್ಮಾ. ಬೆಂಗಳೂರಾಗ ನಮ್ಮ ಹುಡುಗ್ರೂ ಹಿಂಗ ಇರ್ತಾವೇನೋ” ಅಂದಳು. ಮುಂಬೈ ಲೋಕಲ್ ರೈಲು ಅವಳು ಹತ್ತಿದ್ದಲ್ಲ. ಆದರೂ ಆ ಡಬ್ಬಿಯಲ್ಲಿ ತನ್ನ ಮಕ್ಕಳನ್ನು ಹುಡುಕಿಕೊಂಡಳು.

ಅವಳ ಮಾತಿನ ಹಿಂದೆ ನಮ್ಮ ಸೀಮೆಯ ದೊಡ್ಡ ಸಂಗತಿಯಿದೆ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಗುಳೆ ಹೋಗುವವರನ್ನು ನೋಡಿ. ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ, ಕಂಕುಳಲ್ಲಿ ಕೂಸು, ಬೀಳ್ಕೊಡಲು ಬಂದು ಕಿಟಕಿಯ ಸರಳು ಹಿಡಿದು ನಿಂತ ಮುದುಕಿ. ಒಳಗಿನ ಕೈಗೂ ಹೊರಗಿನ ಕೈಗೂ ನಡುವೆ ನಾಲ್ಕು ಬೆರಳಿನ ಜಾಗ. ಬಸ್ಸು ಹೊರಟರೆ ಅದೇ ನಾನೂರು ಕಿಲೋಮೀಟರು. ಆ ನಾಲ್ಕು ಬೆರಳನ್ನು ಬರೆಯಬಲ್ಲ ಚಿತ್ರಕಾರ ನಮಗೆ ಬೇಕು.

ಬರೆಯಬೇಕಾದ ಇಂಥ ಜಾಗಗಳು ಇನ್ನೆಷ್ಟಿಲ್ಲ! ತುಂಗಭದ್ರೆಯ ಕಾಲುವೆ ನೀರು ಹರಿಯುವ ಮಾನ್ವಿಯ ಗದ್ದೆಗಳಲ್ಲಿ ಭತ್ತ ಹಚ್ಚುವ ಹೆಣ್ಣುಮಕ್ಕಳು ಬೆನ್ನು ಬಾಗಿಸಿ ಒಂದೇ ಸಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತಾರೆ. ಒಬ್ಬಳಿಗೆ ತಡವಾದರೆ ಪಕ್ಕದವಳು ಅವಳ ಪಾಲಿನ ಜಾಗಕ್ಕೂ ಸಸಿ ಊರುತ್ತಾಳೆ. ಹತ್ತಿ ಬಿಡಿಸುವ ಹೊಲದಲ್ಲಿ ಅತ್ತೆ ಸೊಸೆಯರು ಎರಡು ಸಾಲು ಬಿಟ್ಟು ನಿಂತು, ಮನೆಯಲ್ಲಿ ಆಡಲಾಗದ ಮಾತನ್ನು ಅಲ್ಲಿ ಆಡುತ್ತಾರೆ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರು ಕೂಡಿಯೇ ಹೆಜ್ಜೆ ಹಾಕುತ್ತಾರೆ. ಬೆಂಕಿಯ ಬೆಳಕಿನಲ್ಲಿ ಯಾರ ಭುಜ ಯಾರದೆಂದು ಬಿಡಿಸಿ ಹೇಳಲಾಗದು.

ಒಬ್ಬನೇ ಕಲಾವಿದನ ಪ್ರದರ್ಶನಕ್ಕಿಂತ ಸಮೂಹ ಪ್ರದರ್ಶನ ನನಗೆ ಹೆಚ್ಚು ಇಷ್ಟ. ಅಲ್ಲಿ ಚಿತ್ರ ಚಿತ್ರಗಳ ನಡುವೆಯೂ ಒಂದು ಜಾಗ ಹುಟ್ಟುತ್ತದೆ. ಒಬ್ಬರ ಒಂಟಿ ಹೆಂಗಸಿನ ಪಕ್ಕ ಇನ್ನೊಬ್ಬರ ತುಂಬಿದ ಊಟದ ಪಂಕ್ತಿ ತೂಗಿದಾಗ, ಯಾರೂ ಬರೆಯದ ಮೂರನೆಯ ಚಿತ್ರವೊಂದು ನೋಡುವವರ ಮನಸ್ಸಿನಲ್ಲಿ ಮೂಡುತ್ತದೆ.

ಅಂಥ ಪ್ರದರ್ಶನ ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಆಗಬೇಕು; ಅಲ್ಲಿಗೇ ನಿಲ್ಲದೆ ದೇವದುರ್ಗ, ಮಾನ್ವಿಯ ಶಾಲೆಗಳ ಗೋಡೆಗೂ ಬರಬೇಕು. ಸಂತೆಯ ದಿನ ಬಾಗಿಲು ತೆರೆದಿಟ್ಟರೆ ಗಂಡ ಹೆಂಡಿರು, ಅವ್ವ ಮಗಳು, ಗೆಳೆಯರು ಜೋಡಿಜೋಡಿಯಾಗಿ ಒಳಗೆ ಬಂದಾರು. ಚಿತ್ರದೊಳಗಿನ ಇಬ್ಬರನ್ನು ಚಿತ್ರದ ಮುಂದಿನ ಇಬ್ಬರು ನೋಡುತ್ತ, “ಇವ್ರು ಮುನಿಸ್ಕೊಂಡಾರೋ, ದಣಿದಾರೋ?” ಎಂದು ತಮ್ಮೊಳಗೇ ವಾದಿಸಬೇಕು. ಕಲೆ ತಿಳಿದವರ ಮೆಚ್ಚುಗೆಗಿಂತ ಆ ವಾದವೇ ದೊಡ್ಡದೆಂದು ನಾನು ನಂಬುತ್ತೇನೆ. ಒಬ್ಬರನ್ನೊಬ್ಬರು ಗಮನಿಸಿ ನೋಡುವುದನ್ನು ಕಲಿಸದಿದ್ದರೆ ಮನುಷ್ಯರನ್ನು ಬರೆದು ತೂಗುಹಾಕುವ ಕೆಲಸ ಅರ್ಧಕ್ಕೇ ನಿಂತಂತೆ.